ಓನರ್ ಆಂಟಿಯ ಕೀಬೋರ್ಡ್

ಬೋಗಾದಿಯ ನಮ್ಮ ಬಾಡಿಗೆ ಮನೆಯ ಓನರ್ ಆಂಟಿ ಯಾರ ಡಬ್ಬಿಯನ್ನೂ ಬರಿದಾಗಿ ಹಿಂದಿರುಗಿಸಿದವರಲ್ಲ. “ಖಾಲಿ ಕೊಡಬಾರ್ದು ಕಣಮ್ಮ,” ಎಂದು ಚೂರು ಬೆಲ್ಲವಾದರೂ ಹಾಕುತ್ತಿದ್ದರು. ಅವರಿಗೆ ಟ್ಯಾಬ್ ಬೇಕಿದ್ದದ್ದು ಧಾರಾವಾಹಿ ನೋಡುವುದಕ್ಕೆ. ಅದರ ಜೊತೆ ಬಂದಿದ್ದ, ಸಿಕ್ಕಿಸಿದರೆ ಅದನ್ನು ಲ್ಯಾಪ್‌ಟಾಪ್ ಮಾಡುವ ಕೀಬೋರ್ಡ್ ಬೀರುವಿನಲ್ಲಿ ಮಲಗಿತ್ತು. ನನ್ನ ಟ್ಯಾಬೂ ಅದೇ ಮಾಡೆಲ್. ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ ನನ್ನ ಕೀಬೋರ್ಡ್ ಕೆಟ್ಟು ಕೂತಿತು. ಆಂಟಿ ತಮ್ಮದನ್ನು ಸೆರಗಿನಲ್ಲಿ ಒರೆಸಿ ತಂದುಕೊಟ್ಟರು. ಕೀಗಳ ಮೇಲೊಂದು ಕೊಬ್ಬರಿ ಮಿಠಾಯಿ!

ಪಾಸಾಗಿ ಮನೆ ಬಿಡುವ ದಿನ, ಒಂದು ಮೊಳ ಮಲ್ಲಿಗೆ ಇಟ್ಟು ಕೀಬೋರ್ಡ್ ವಾಪಸ್ ಕೊಟ್ಟೆ. ಆಂಟಿ ಹೂವನ್ನು ಎರಡು ಮಾಡಿ, ಅರ್ಧ ತಾವು ಮುಡಿದು, ಉಳಿದರ್ಧದ ಸಮೇತ ಕೀಬೋರ್ಡನ್ನು ನನ್ನ ಬ್ಯಾಗಿಗೇ ತುರುಕಿದರು.

“ಆಂಟಿ, ಇದು ನಿಮ್ದು!”

“ಖಾಲಿ ಕಳಿಸಬಾರ್ದು ಕಣಮ್ಮ.”

ಇದನ್ನು ಬರೆಯುತ್ತಿರುವುದೂ ಅದರಲ್ಲೇ. ಮಿಠಾಯಿ ಇಟ್ಟಿದ್ದ ಕೀ ಇನ್ನೂ ಬೆರಳಿಗೆ ಅಂಟುತ್ತದೆ. ಅಂಟಲಿ.