ಪಚ್ಚೆ ಕುಡಿದ ಎಣ್ಣೆ

ಕವಲಂದೆಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಒಡವೆ ಡಬ್ಬಿ ಮೊದಲು ಬರುತ್ತಿದ್ದುದು ಗುರುಬಸಮ್ಮನ ಜಗಲಿಗೆ. ಅಂಟುವಾಳಕಾಯಿ ಹಾಕಿ ನೀರು ಕುದಿಸಿ, ಒಡವೆ ನೆನೆಸಿ, ಹಳೆಯ ಬ್ರಷ್ಷಿನಿಂದ ಮೂಲೆ ಮೂಲೆ ತಿಕ್ಕಿದಳೆಂದರೆ ಅಜ್ಜಿ ಕಾಲದ ಕೊರಳ ಅಡ್ಡಿಕೆಯೂ ನಿನ್ನೆ ಮಾಡಿಸಿದಂತೆ ಹೊಳೆಯುತ್ತಿತ್ತು. ಗಂಡ ತೀರಿಹೋದ ಮೇಲೂ ಊರಿನವರು ಮದುವೆಯ ಒಡವೆಯನ್ನು ಅವಳ ಕೈಗೇ ಕೊಡುತ್ತಿದ್ದರು. ಕೂಲಿ ಕೇಳುವವಳಲ್ಲ. ಎಲೆಅಡಿಕೆ, ಒಂದು ರವಿಕೆ ಕಣ, ನಾಲ್ಕು ಜನರೆದುರು ಒಂದು ಹೊಗಳಿಕೆ, ಇಷ್ಟು ಸಾಕಿತ್ತು. ನಿಜ ಹೇಳಬೇಕೆಂದರೆ, ಹೊಗಳಿಕೆಯಿದ್ದರೆ ಎಲೆಅಡಿಕೆಯೂ ಬೇಕಿರಲಿಲ್ಲ.

ಈ ವಿದ್ಯೆಯನ್ನು ಅವಳು ಒಬ್ಬಳೇ ಮಗಳು ಚೈತ್ರಳಿಗೂ ಕಲಿಸಿದ್ದಳು. ತೊಂಬತ್ತನಾಲ್ಕರಲ್ಲಿ ಚೈತ್ರಳನ್ನು ಟಿ. ನರಸೀಪುರದ ಜವಳಿ ಅಂಗಡಿಯ ನಂಜುಂಡೇಶನಿಗೆ ಕೊಟ್ಟಳು. ಅತ್ತೆ ಚಿಕ್ಕಬಸಮ್ಮ ತನ್ನ ಬೆರಳಿನ ಪಚ್ಚೆ ಉಂಗುರವನ್ನೇ ಬಿಚ್ಚಿ ಸೊಸೆಗೆ ತೊಡಿಸಿದಳು. ಭತ್ತದ ಎಳೆ ಪೈರಿನ ಹಸಿರು ಅದು. ಕೆಂಪು ಹರಳು, ಬಿಳಿ ಹರಳು ಬಿಟ್ಟು ಬೇರೆ ಕಂಡಿರದ ಗುರುಬಸಮ್ಮ ಆ ಕಲ್ಲನ್ನು ನೋಡಿ, ಮಗಳು ದಡ ಸೇರಿದಳೆಂದು ಹಿಗ್ಗಿದಳು.

ಮೊದಲ ದೀಪಾವಳಿಗೆ, ಅತ್ತೆಯ ಕೈಯಲ್ಲಿ ಭೇಷ್ ಅನ್ನಿಸಿಕೊಳ್ಳುವ ಆಸೆಯಿಂದ ಚೈತ್ರ ಆ ಉಂಗುರವನ್ನು ಕುದಿಯುವ ಅಂಟುವಾಳದ ನೀರಿಗೆ ಹಾಕಿದಳು. ಆರಿದ ಮೇಲೆ ನೋಡಿದರೆ ಕಲ್ಲು ಬಿಳಿಚಿಕೊಂಡಿತ್ತು, ಒಳಗೆಲ್ಲ ಬಿರುಕು.

"ಇದು ನಮ್ ಪಚ್ಚೆ ಅಲ್ಲ. ತೌರ್ಗೆ ಸಾಗ್ಸಿ ಯಾವ್ದೋ ಗಾಜು ಕೂರ್ಸವ್ಳೆ" ಎಂದಳು ಚಿಕ್ಕಬಸಮ್ಮ.

ಚೈತ್ರ ಕೊರಳ ಲಿಂಗ ಮುಟ್ಟಿ ಆಣೆ ಮಾಡಿದಳು. ಯಾರೂ ನಂಬಲಿಲ್ಲ. ಗುರುಬಸಮ್ಮನಿಗೆ ಹೇಳಿ ಕಳಿಸಿದರು. ನಡುಮನೆಯಲ್ಲಿ ಆ ಮನೆಯ ಹಿರಿಯರೆಲ್ಲ ಕೂತಿದ್ದರು.

"ಅವ್ವ ಏಳ್ಕೊಟ್ಟಂಗೇ ತೊಳ್ದೆ, ಅಷ್ಟೇಯ" ಎಂದು ಚೈತ್ರ ಬಿಕ್ಕಿದಳು.

ಚಿಕ್ಕಬಸಮ್ಮ ಬೀಗಿತ್ತಿಯ ಕಡೆ ತಿರುಗಿದಳು. "ನೀವೇ ಏಳಿ. ನಿಮ್ ಅಂಟುವಾಳದ್ ನೀರ್ಗೆ ಕಲ್ಲು ಕೆಡ್ತದಾ?"

ಕೆಟ್ಟರೂ ಕೆಡಬಹುದು ಎಂದಿದ್ದರೆ ಒಂದು ಹೆಣ್ಣಿನ ಬಾಳು ಉಳಿಯುತ್ತಿತ್ತು. ಆದರೆ ಗುರುಬಸಮ್ಮನ ಕಿವಿಗೆ ಅದು ಮಗಳ ಮೇಲಿನ ಮಾತಾಗಿ ಕೇಳಲಿಲ್ಲ, ತನ್ನ ಕೈಗುಣದ ಮೇಲಿನ ಮಾತಾಗಿ ಕೇಳಿತು. "ಇಪ್ಪತ್ತೊರ್ಸದಿಂದ ತೊಳೀತಿವ್ನಿ ಕಣ್ರವ್ವ. ನನ್ ಕೈಲಿ ಒಂದ್ ಕಲ್ಲೂ ಕೆಟ್ಟಿಲ್ಲ" ಎಂದುಬಿಟ್ಟಳು.

"ಅಂದ್ಮೇಲೆ ಇದು ನಮ್ ಕಲ್ಲಲ್ಲ. ಆಯ್ತಲ್ಲ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಉಂಗುರವನ್ನು ಗುರುಬಸಮ್ಮನ ಕೈಗೆ ತುರುಕಿ, ನಮ್ಮ ಪಚ್ಚೆ ತಂದುಕೊಟ್ಟು ಆಮೇಲೆ ಮಗಳನ್ನು ಬಿಟ್ಟುಹೋಗಿ ಎಂದರು. ನಂಜುಂಡೇಶ ತಲೆಯೆತ್ತಲಿಲ್ಲ.

ಊರಿಗೆ ಬರುವ ಬಸ್ಸಿನಲ್ಲಿ ಗುರುಬಸಮ್ಮ ಮಗಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು. "ನನ್ಗಾದ್ರೂ ನಿಜ ಏಳು ಮಗ. ಎಲ್ಲಿಟ್ಟಿದ್ದೀಯೆ?"

ಚೈತ್ರ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ತಾಯಿಯ ಜೊತೆ ಅವಳ ಮಾತು ಉಪ್ಪು ಹುಳಿಗಷ್ಟೇ ನಿಂತಿತು. ಇತ್ತ ನಂಜುಂಡೇಶ ಬೇರೆ ಮದುವೆಯಾದ, ಮಕ್ಕಳಾದವು. ಚೈತ್ರ ನಂಜನಗೂಡಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಸೇರಿ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರತೊಡಗಿದಳು.

ಎರಡು ಸಾವಿರದ ಮೂರರಲ್ಲಿ ನಂಜನಗೂಡಿನ ಒಂದು ಮದುವೆಮನೆಗೆ ಗುರುಬಸಮ್ಮನಿಗೆ ಕರೆ ಬಂತು. ಒಡವೆಗಳನ್ನು ಒಂದೊಂದಾಗಿ ಪಾತ್ರೆಗೆ ಬಿಡುತ್ತಿದ್ದಾಗ ಒಂದು ಹಸಿರು ಕಲ್ಲಿನ ಓಲೆ ಕೈಗೆ ಬಂತು. ಮದುವೆ ಹುಡುಗಿಯ ಸೋದರಮಾವ ಮಲ್ಲಯ್ಯ, ಹರಳಿನ ವ್ಯಾಪಾರಿ, ಓಡಿಬಂದು ಅವಳ ಕೈ ಹಿಡಿದ.

"ಅಯ್ಯಯ್ಯೋ, ಪಚ್ಚೆ ಕಣವ್ವ ಅದು! ಬಿಸ್ನೀರ್ಗೆ ಆಕ್ಬುಟ್ರೆ ಸತ್ತೋಯ್ತದೆ."

"ಸತ್ತೋಗದು ಅಂದ್ರೆ?"

"ಬೆರಿಲ್ ಅಂತ ಒಂದ್ ಕಲ್ಲಿನ್ ಮನೆತನ. ಅದ್ರಲ್ಲಿ ತಿಳಿನೀಲಿ ಕಲ್ಲು, ಅಳ್ದಿ ಕಲ್ಲು ಎಲ್ಲಾ ಅವೆ. ಅವು ಒಳ್ಗೆ ಸಾಮಾನ್ಯವಾಗಿ ಚೊಕ್ಕವಾಗಿರ್ತವೆ. ಪಚ್ಚೆ ಮಾತ್ರ ಬಿರುಕ್ ಇಟ್ಕೊಂಡೇ ಉಟ್ಟೋದು. ಬಿರುಕಿಲ್ದೆ ಇದ್ರೆ ನಾವೇ ಗಾಜು ಅಂತ ಅನುಮಾನ ಪಡ್ತೀವಿ. ಬಿರುಕು ಕಾಣ್ದಂಗೆ ಎಣ್ಣೆ ಕುಡ್ಸಿರ್ತಾರೆ. ಕುದ್ಯೋ ಅಂಟುವಾಳದ್ ನೀರು ಆ ಎಣ್ಣೆನೆಲ್ಲಾ ಎಳ್ಕೊಬುಡ್ತದೆ. ತಿರ್ಗಾ ಎಣ್ಣೇಲಿ ನೆನ್ಸಿದ್ರೆ ಬಣ್ಣ ಬಂದ್ರೂ ಬಂತು."

ಗುರುಬಸಮ್ಮ ಓಲೆಯನ್ನು ಅವನ ಕೈಗಿಟ್ಟಳು. ಕೆಲಸವನ್ನು ಅಲ್ಲಿಗೇ ಬಿಟ್ಟು ಊರಿಗೆ ಬಂದಳು. ಟ್ರಂಕಿನ ತಳದಲ್ಲಿದ್ದ ಉಂಗುರ ತೆಗೆದು, ಬೆಚ್ಚಗಿನ ಹರಳೆಣ್ಣೆಯ ಬಟ್ಟಲಿನಲ್ಲಿ ಇಟ್ಟಳು. ಒಂದೆರಡು ದಿನ ಎಣ್ಣೆಯಲ್ಲೇ ಬಿಟ್ಟಳು. ಆಮೇಲೆ ಒಂದು ಬೆಳಿಗ್ಗೆ ಎತ್ತಿ ನೋಡಿದರೆ ಬಿರುಕುಗಳು ಮಸುಕಾಗಿ, ಒಳಗಿಂದ ಹಸಿರು ಬಂದಿತ್ತು. ಊಟದ ಡಬ್ಬಿ ಹಿಡಿದು ಹೊರಟಿದ್ದ ಮಗಳನ್ನು ಬಾಗಿಲಲ್ಲೇ ತಡೆದಳು.

"ಅದೇ ಕಲ್ಲು ಕಣವ್ವ! ನೀನು ಬದ್ಲಾಯ್ಸಿರ್ನಿಲ್ಲ. ನಾನು ಏಳ್ಕೊಟ್ಟಿದ್ದೇ ತೆಪ್ಪು. ಇವತ್ತೇ ನರಸೀಪುರ್ಕೋಗಿ ಅವ್ರ್ ಮುಂದೆ ಇಕ್ತೀನಿ."

ಚೈತ್ರ ಉಂಗುರವನ್ನು ಬೆಳಕಿಗೆ ಹಿಡಿದು ನೋಡಿ, ತಾಯಿಯ ಅಂಗೈಯಲ್ಲಿ ವಾಪಸ್ ಇಟ್ಟಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಗುರುಬಸಮ್ಮ ತಡೆದುಕೊಳ್ಳುತ್ತಿದ್ದಳು.

"ಅವ್ರಿಗ್ ಯಾಕ್ ತೋರ್ಸೀಯೆ ಬುಡವ್ವ. ಕಲ್ಲಿನ್ ಇಚಾರ ನಿಂಗೂ ಗೊತ್ತಿರ್ನಿಲ್ಲ, ಅದ್ಕೆ ಬೇಜಾರಿಲ್ಲ ನಂಗೆ. ನನ್ ಇಚಾರ ಗೊತ್ತಿತ್ತಲ್ಲ? ಬಸ್ಸಲ್ಲಿ ಯಾಕವ್ವ ಅಂಗ್ ಕೇಳ್ದೆ?"

ಬಸ್ಸಿನ ಹಾರ್ನ್ ಕೇಳಿ ಚೈತ್ರ ಹೊರಟುಹೋದಳು. ಗುರುಬಸಮ್ಮ ಉಂಗುರವನ್ನು ಅಂಗೈಯಲ್ಲಿ ಹಿಡಿದು, ಹೊಸಿಲ ಮೇಲೆ ಕೂತು ಅತ್ತಳು.