‘ಡೀಸೆಲ್ ಇದೆ, ಕೊಡುವುದಿಲ್ಲ’

ನನ್ನ ನೌಕರಿ ಏನೆಂಬುದು ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಓಣಿಯವರಿಗೆ ಕೊನೆಗೂ ತಿಳಿಯಲಿಲ್ಲ. ‘ಪೆಟ್ರೋಲ್ ಆಫೀಸಿನ ಅಕ್ಕಾರು’ ಎನ್ನುತ್ತಿದ್ದರು. ಜಿಲ್ಲೆಗೆ ಎಷ್ಟು ಇಂಧನ ಬರುತ್ತದೆ, ಎಲ್ಲಿ ಎಷ್ಟು ಖರ್ಚಾಗುತ್ತದೆ, ಟ್ಯಾಂಕರ್ ಬರುವುದು ನಿಂತರೆ ಯಾವ ಗಾಡಿ ಓಡಬೇಕು, ಯಾವುದು ನಿಲ್ಲಬೇಕು ಎಂದು ಮೊದಲೇ ಲೆಕ್ಕ ಹಾಕಿಡುವುದು ನನ್ನ ಕೆಲಸ. ಏನೂ ಆಗದಿದ್ದರೆ ಅದೇ ನನ್ನ ಸಾಧನೆ. ಅಂಥ ಸಾಧನೆಗೆ ಯಾರು ಶಾಲು ಹೊದಿಸುತ್ತಾರೆ?

ಯೋಜನೆ ಸರಳವಾಗಿತ್ತು. ಬಾದಾಮಿ, ಹುನಗುಂದ, ಇಳಕಲ್ ಕಡೆ ಒಂದೊಂದು ಬಂಕ್ ಆರಿಸಿ, ಟಾಕಿಯ ತಳದ ಡೀಸೆಲ್ಲನ್ನು ಆಂಬುಲೆನ್ಸಿಗೆಂದು ಉಳಿಸುವುದು. ಉಳಿದವರಿಗೆ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು. ಆಂಬುಲೆನ್ಸಿಗೆಂದು ಬಾಯಿಬಿಡಕೂಡದು ಎಂದು ಕಟ್ಟಪ್ಪಣೆ ಮಾಡಿದ್ದೆ. ಬಿಟ್ಟರೆ ಪ್ರತಿ ಮನೆಯಲ್ಲೂ ಒಬ್ಬ ರೋಗಿ ಹುಟ್ಟಿಕೊಳ್ಳುತ್ತಾನೆ.

ಹುನಗುಂದದಲ್ಲಿ ನಾನು ಆರಿಸಿದ್ದು ಹೆದ್ದಾರಿ ಪಕ್ಕದ ಬಂಕಿನವನನ್ನು. ನನಗಿಂತ ಚಿಕ್ಕವನು, ಅಳತೆಯಲ್ಲಿ ಹನಿ ಮೋಸ ಮಾಡುವವನಲ್ಲ. ಕೂಡಲಸಂಗಮಕ್ಕೆ ನಡೆದೇ ಹೋಗುವ ಮನೆತನ. ತಾಯಿಯ ಕಾಲದಿಂದಲೂ ಬಂಕಿನ ಬೇವಿನ ಗಿಡದ ಕೆಳಗೆ ಮಜ್ಜಿಗೆ ತುಂಬಿದ ಮಣ್ಣಿನ ಹರವಿ ಇಡುತ್ತಿದ್ದರು. ಲಾರಿಯವರು, ಹೊಲಕ್ಕೆ ಹೋಗುವವರು ನಿಂತು ಕುಡಿದು, ನಾಲ್ಕು ಮಾತಾಡಿ ಹೋಗುವರು. ಮಧ್ಯಾಹ್ನದೊಳಗೆ ಹರವಿ ಖಾಲಿಯಾದರೆ ಅವನಿಗೆ ಹಿಗ್ಗು.

ಟ್ಯಾಂಕರ್ ಚಾಲಕರ ಮುಷ್ಕರ ಬಂತು. ಬಾದಾಮಿ, ಇಳಕಲ್‌ನವರು ಹೇಳಿದ ಬೋರ್ಡು ತೂಗುಹಾಕಿ ಹಾಯಾಗಿ ಕೂತರು. ಇವನು ಮಾತ್ರ ಸುಣ್ಣದಲ್ಲಿ ದಪ್ಪಗೆ ಬರೆದು ನಿಲ್ಲಿಸಿದ್ದ: ‘ಡೀಸೆಲ್ ಇದೆ, ಕೊಡುವುದಿಲ್ಲ.’

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಫೋನಿನಲ್ಲೇ ಹರಿಹಾಯ್ದೆ. “ತಲಿ ನೆಟ್ಟಗೈತಿಲ್ಲೋ ತಮ್ಮಾ? ಇಲ್ಲ ಅಂತ ಬರೀ ಅಂದ್ರ ಇದೇನ್ ಬರದಿ?”

“ಟಾಕ್ಯಾಗ ಐತೆಲ್ರಿ ಅಕ್ಕಾರ. ಇಲ್ಲ ಅಂತ ಹೆಂಗ್ ಬರೀಲಿ? ನೀವು ಯಾರಿಗಿ ಅಂತ ಹೇಳಬ್ಯಾಡ ಅಂದ್ರಿ, ಹೇಳಿಲ್ಲ. ಕೊಡಬ್ಯಾಡ ಅಂದ್ರಿ, ಕೊಡೂದಿಲ್ಲ.”

ಬೋರ್ಡು ಬದಲಾಗುವ ಮೊದಲೇ ಜನ ಸೇರಿದ್ದರು. ಉಳ್ಳಾಗಡ್ಡಿ ಹೇರಿದ ಲಾರಿಯೊಂದಿಗೆ ಅವನ ಸ್ವಂತ ಅಣ್ಣನೇ ಬಂದ. ಮಳೆ ಹಿಡಿದಿತ್ತು, ಚೀಲದೊಳಗೇ ಮಾಲು ಬಿಸಿಯಾಗಿ ಕೆಡತೊಡಗಿತ್ತು. ಮಂದಿಯೆಲ್ಲ ನೋಡುತ್ತಿರುವಾಗ ಇವನು ಕೈಮುಗಿದು, “ಐತಿ ಅಣ್ಣಾ, ಕೊಡೂದಿಲ್ಲ,” ಎಂದ. ಉಳ್ಳಾಗಡ್ಡಿ ಲಾರಿಯಲ್ಲೇ ಕೊಳೆಯಿತು.

ಅದೇ ಡೀಸೆಲ್‌ನಲ್ಲಿ ಆಂಬುಲೆನ್ಸ್ ಓಡಿತು. ದಿನ ತುಂಬಿದ ಹೆಣ್ಣುಮಗಳೊಬ್ಬಳು ಬಾಗಲಕೋಟೆಯ ದವಾಖಾನೆ ಮುಟ್ಟಿ ಹೆತ್ತಳು. ಎಲ್ಲ ಸುಸೂತ್ರ ಎಂದು ನಾನು ಮೇಲಿನವರಿಗೆ ವರದಿ ಕೊಟ್ಟೆ. ಹುನಗುಂದದಲ್ಲಿ ಅಣ್ಣ ತಮ್ಮನ ಜೊತೆ ಮಾತು ಬಿಟ್ಟ. ಅಣ್ಣನ ಹಿಂದೆ ಊರೂ ಅವನ ಬಂಕಿಗೆ ಬರುವುದನ್ನು ಬಿಟ್ಟಿತು. ‘ಇಲ್ಲ’ ಎಂದು ಸುಳ್ಳು ಬರೆದವರ ಬಂಕುಗಳಲ್ಲಿ ಜನ ನಗುತ್ತಲೇ ಡೀಸೆಲ್ ಹಾಕಿಸುತ್ತಿದ್ದಾರೆ.

ನಿವೃತ್ತಳಾದ ಮೇಲೆ ಅವನ ಅಣ್ಣನ ಮನೆಗೆ ಹೋದೆ. ಆಜ್ಞೆ ನನ್ನದು, ಡೀಸೆಲ್ ಆಂಬುಲೆನ್ಸಿನದು, ತಮ್ಮನ ತಪ್ಪೇನೂ ಇಲ್ಲ ಎಂದು ಬಿಡಿಸಿ ಹೇಳಿದೆ. ಎಲ್ಲವನ್ನೂ ಕೇಳಿದ. ಚಹಾ ಕೊಡಿಸಿದ.

“ಖರೆ ಇರಬೇಕ್ರಿ ಅಕ್ಕಾರ. ಆದ್ರ ಅಂವ ಇಲ್ಲ ಅಂದಿದ್ರ ನಾ ಸುಮ್ನ ಹೊಳ್ಳಿ ಹೋಗ್ತಿದ್ದೆ. ಮಂದಿ ಮುಂದ ‘ಐತಿ, ಕೊಡೂದಿಲ್ಲ’ ಅಂದ. ಒಡಹುಟ್ಟಿದಾಂವಗ.”

ಬಾಗಲಕೋಟೆಯಲ್ಲಿ ಕೂತು ಎಲ್ಲ ಗಾಡಿಗಳ ಲೆಕ್ಕ ಹಾಕಿದ್ದೆ, ಈ ಅಣ್ಣತಮ್ಮಂದಿರ ಲೆಕ್ಕ ಹಾಕಿರಲಿಲ್ಲ.

ಅಲ್ಲಿಂದ ಬಂಕಿಗೆ ಬಂದಾಗ ಹೊತ್ತು ಇಳಿದಿತ್ತು. ಅಣ್ಣನ ಮನೆಯಿಂದ ಬಂದೆ ಎಂದೆ, ತಮ್ಮ ನನ್ನ ಮುಖ ನೋಡಿದ. ಬೇವಿನ ಗಿಡದ ಕೆಳಗೆ ಹೋಗಿ ಮಜ್ಜಿಗೆ ತಂದುಕೊಟ್ಟ. ಕರಿಬೇವು, ಹಸಿಶುಂಠಿ, ಅದೇ ರುಚಿ. ನಾನು ಗ್ಲಾಸು ಕೆಳಗಿಟ್ಟೆ.

“ಇನ್ನೊಂದು ಕುಡೀರಿ ಅಕ್ಕಾರ,” ಎಂದ. “ಹರವಿ ತುಂಬ ಐತಿ.”