ಇಂಜೆಕ್ಷನ್ನಿನ ಮೇಲೆ ಬಂದ ಅಪವಾದ

ಎರಡು ವರ್ಷದ ಹಿಂದೆ, ಸಂಕ್ರಾಂತಿ ಕಳೆದು ಹದಿನೈದು ದಿನ ಆಗಿರಬಹುದು. ನಮ್ಮ ಮನೆಯಲ್ಲಿ ರೇಷ್ಮೆಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುತ್ತಿದ್ದವು. ಹುಳ ಸಾಕಿದವರಿಗೆ ಗೊತ್ತಿರುತ್ತದೆ, ಆ ಒಂದು ವಾರ ಹುಳಕ್ಕೆ ಎಷ್ಟು ಹಾಕಿದರೂ ಸಾಲದು, ಮನೆಯವರಿಗೆ ಕೂತು ಉಣ್ಣಲು ಪುರಸೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲೇ ನನ್ನ ಬಲಗಡೆ ದವಡೆ ಹಲ್ಲು ಕಾಟ ಕೊಡಲು ಶುರು ಮಾಡಿತು.

ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ. ಬಗ್ಗಿ ಸೊಪ್ಪು ಹಾಕಿದರೆ ತಲೆಯೆಲ್ಲ ಸಿಡಿದ ಹಾಗಾಗುತ್ತಿತ್ತು. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲ. ಮೂರನೆಯ ದಿನ ನಮ್ಮ ಯಜಮಾನರೇ, ಮಧ್ಯಾಹ್ನದ ಸೊಪ್ಪಿಗೆ ವಾಪಸ್ ಬಂದರೆ ಸಾಕು, ಹೋಗಿ ಕೀಳಿಸಿಕೊಂಡು ಬಾ ಅಂದರು. ಮೈದುನ ಕುಮಾರ ತನ್ನ ಬೈಕಿನಲ್ಲಿ ಹೊಂಗನೂರಿನಿಂದ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋದ.

ಅಲ್ಲಿ ಚಿತ್ರಾ ಅಂತ ಒಬ್ಬ ಡಾಕ್ಟರಮ್ಮ ಹೊಸದಾಗಿ ಹಲ್ಲಿನ ಕ್ಲಿನಿಕ್ ಹಾಕಿದ್ದರು. ಮೂವತ್ತರ ಆಸುಪಾಸು. ಹಲ್ಲು ನೋಡಿ, ಉಳಿಯುವುದಿಲ್ಲ, ಕೀಳಬೇಕು ಅಂದರು. ಶುಗರ್ ಇದೆಯಾ, ಬಿಪಿ ಇದೆಯಾ, ಯಾವುದಾದರೂ ಮಾತ್ರೆ ಆಗುವುದಿಲ್ಲವಾ ಅಂತೆಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ಎಲ್ಲಕ್ಕೂ ಇಲ್ಲ ಅಂದೆ, ಅದು ನಿಜವೇ ಆಗಿತ್ತು. ಆಮೇಲೆ, ಬೆಳಿಗ್ಗೆ ತಿಂಡಿ ಆಯಿತಾ ಅಂದರು.

ಹಿಂದಿನ ದಿನ ಮಧ್ಯಾಹ್ನದಿಂದ ನನ್ನ ಹೊಟ್ಟೆಗೆ ಕಾಫಿ ಬಿಟ್ಟರೆ ಬೇರೆ ಏನೂ ಬಿದ್ದಿರಲಿಲ್ಲ. ಹಾಗಂದರೆ ತಿಂದು ಬಾ ಅಂತ ಕಳಿಸುತ್ತಾರೆ, ಆಮೇಲೆ ಮತ್ತೆ ಸರದಿ ಕಾಯಬೇಕು, ಮಧ್ಯಾಹ್ನದ ಸೊಪ್ಪು ತಪ್ಪುತ್ತದೆ. ಅದಕ್ಕೆ, ಎರಡು ಇಡ್ಲಿ ತಿಂದೆ ಮೇಡಂ ಅಂದುಬಿಟ್ಟೆ.

ದವಡೆ ಮರಗಟ್ಟಲು ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಕಿವಿಯಲ್ಲಿ ಗುಂಯ್ ಅಂದಿತು, ಮೈ ಬೆವರಿತು, ಮೇಲೆ ತಿರುಗುತ್ತಿದ್ದ ಫ್ಯಾನು ದೂರ ದೂರ ಹೋಯಿತು. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ ನನ್ನ ಕಾಲು ಎತ್ತಿಟ್ಟಿದ್ದರು. ಡಾಕ್ಟರಮ್ಮ ನನ್ನ ಕೈ ಹಿಡಿದು ನಾಡಿ ನೋಡುತ್ತಾ ಮೆತ್ತಗೆ ಹೆಸರು ಕರೆಯುತ್ತಿದ್ದರು. ಎಚ್ಚರ ತಪ್ಪಿದ್ದು ಒಂದು ನಿಮಿಷವೂ ಇರಲಿಕ್ಕಿಲ್ಲ. ಆದರೆ ಆ ನಿಮಿಷದಲ್ಲೇ ಕುಮಾರ ಒಳಗೆ ಬಂದು ಬಿಳಿಚಿಕೊಂಡ ನನ್ನ ಮುಖ ನೋಡಿಬಿಟ್ಟಿದ್ದ. ತಾಯಿ ಇಲ್ಲದ ಅವನನ್ನು ಏಳು ವರ್ಷದವನಿದ್ದಾಗಿನಿಂದ ಸಾಕಿದವಳು ನಾನು. ಅವನು ಗಾಬರಿಯಾಗಿದ್ದರಲ್ಲಿ ತಪ್ಪಿಲ್ಲ. ನಾನು ವಾಂತಿ ಮಾಡಿಕೊಂಡೆ. ಡಾಕ್ಟರಮ್ಮ ಬೇರೆ ರೋಗಿಗಳನ್ನು ಬಿಟ್ಟು, ತಾವೇ ಆಟೋದಲ್ಲಿ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಸಾಯಂಕಾಲದವರೆಗೂ ಪಕ್ಕದಲ್ಲೇ ಕೂತಿದ್ದರು.

ಊರಿಗೆ ಬರುವ ಹೊತ್ತಿಗೆ ನಾನು ಮಲಗಿದ್ದ ವಿಡಿಯೋ ನನಗಿಂತ ಮುಂಚೆ ಊರು ಸೇರಿತ್ತು. ಕುಮಾರ ಅದನ್ನು ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಡೇಟ್ ಮುಗಿದ ಔಷಧಿ ಅಂತ ಒಬ್ಬರು, ಕಲಬೆರಕೆ ಅಂತ ಇನ್ನೊಬ್ಬರು. ಮಾರನೆಯ ದಿನ ಕುಮಾರ ದೂರು ಬರೆದುಕೊಟ್ಟ. ಅಧಿಕಾರಿಗಳು ಕ್ಲಿನಿಕ್ಕಿಗೆ ಬಂದು, ಅದೇ ಬಾಕ್ಸಿನಲ್ಲಿ ಉಳಿದಿದ್ದ ಇಂಜೆಕ್ಷನ್ನುಗಳಿಗೆ ಸೀಲ್ ಹಾಕಿ ಪರೀಕ್ಷೆಗೆ ಬೆಂಗಳೂರಿನ ಲ್ಯಾಬಿಗೆ ಕಳಿಸಿದರಂತೆ.

ನಾಲ್ಕು ದಿನ ಆದ ಮೇಲೆ ಡಾಕ್ಟರಮ್ಮ ಸ್ಕೂಟರಿನಲ್ಲಿ ನಮ್ಮ ಮನೆಗೇ ಬಂದರು. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ನಾವೆಲ್ಲ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು. ಜಗಲಿ ಮೇಲೆ ಕೂತು ಈಗ ಹೇಗಿದ್ದೀರಿ ಅಂತ ವಿಚಾರಿಸಿದರು. ಆಮೇಲೆ ಕೇಳಿದರು:

"ರತ್ನಮ್ಮ, ಅವತ್ತು ಬೆಳಿಗ್ಗೆ ನಿಜವಾಗಿ ತಿಂಡಿ ತಿಂದಿದ್ರಾ? ಬೈಯೋಕೆ ಕೇಳ್ತಿಲ್ಲ. ಹೊಟ್ಟೆ ಖಾಲಿ ಇದ್ರೂ ಹೀಗೆ ತಲೆ ತಿರುಗಬಹುದು. ನನಗೆ ಗೊತ್ತಾಗಬೇಕು, ಅದಕ್ಕೆ."

ಕುಮಾರ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. "ತಪ್ಪು ನಿಮ್ದೇ ಇಟ್ಕಂಡು ನಮ್ಮತ್ಗೆ ಮ್ಯಾಲೆ ಹಾಕಕ್ಕೆ ಬಂದಿದ್ದೀರಾ?" ಅಂದ. ಬೇಲಿ ಆಚೆಯಿಂದ ಅಕ್ಕಪಕ್ಕದವರು ನೋಡುತ್ತಿದ್ದರು. ನಾನು ನಿಜ ಹೇಳಿದರೆ ಅವನು ಅಷ್ಟು ಜನರ ಮುಂದೆ ಸುಳ್ಳುಗಾರ ಆಗುತ್ತಾನೆ ಅನಿಸಿತು. ತಿಂದಿದ್ದೆ ಅಂದೆ. ಅವರು ಮತ್ತೆ ಕೇಳಲಿಲ್ಲ. ಕೊಟ್ಟ ನೀರು ಕುಡಿದು, ಹಲ್ಲನ್ನು ಹಾಗೇ ಬಿಡಬೇಡಿ, ಬೇರೆ ಕಡೆಯಾದರೂ ತೋರಿಸಿ ಅಂತ ಹೇಳಿ ಹೊರಟರು. ಅವತ್ತು ನನಗೆ ಊಟ ಸೇರಲಿಲ್ಲ, ಅದಕ್ಕೆ ಹಲ್ಲು ಕಾರಣ ಅಲ್ಲ.

ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಿ ವಾಪಸ್ ಬರುವಾಗ ನಾನೂ ಯಜಮಾನರೂ ಚನ್ನಪಟ್ಟಣದಲ್ಲಿ ಬಸ್ಸಿಳಿದೆವು. ಕ್ಲಿನಿಕ್ ಮುಂದೆಯೇ ನಡೆಯಬೇಕಿತ್ತು. ಬಾಗಿಲ ಮೇಲೆ ಒಂದು ಹಾಳೆ ಅಂಟಿಸಿದ್ದರು: 'ಔಷಧಿ ಪರೀಕ್ಷೆಯ ರಿಪೋರ್ಟ್ ಬರುವವರೆಗೆ ಇಲ್ಲಿ ಇಂಜೆಕ್ಷನ್ ಕೊಡುವುದಿಲ್ಲ, ಹಲ್ಲು ಕೀಳುವುದಿಲ್ಲ. ದಯವಿಟ್ಟು ಸಹಕರಿಸಿ.' ಬೆಂಚುಗಳೆಲ್ಲ ಖಾಲಿ. ರಸ್ತೆ ಪಕ್ಕದಲ್ಲೇ ನಿಂತು ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ. ಅವರು ಆ ಹಾಳೆಯನ್ನು ಇನ್ನೊಂದು ಸಲ ಓದಿ, "ಹೋಗಿ ಹೇಳ್ಬುಟ್ಟು ಬಾ. ನಾನು ಇಲ್ಲೇ ನಿಂತಿರ್ತೀನಿ" ಅಂದರು.

ಒಳಗೆ ಡಾಕ್ಟರಮ್ಮ ರಿಜಿಸ್ಟರ್ ತೆರೆದಿಟ್ಟುಕೊಂಡು ಯಾರಿಗೋ ಫೋನ್ ಮಾಡಿ, ಜ್ವರ ಬಂತಾ, ಇಂಜೆಕ್ಷನ್ ಕೊಟ್ಟ ಜಾಗ ಊದಿತಾ ಅಂತ ಕೇಳುತ್ತಿದ್ದರು. ಫೋನ್ ಇಟ್ಟ ಮೇಲೆ ನಾನು ಕೂರದೆ ನಿಂತೇ ಹೇಳಿದೆ. ಉಪವಾಸ ಇದ್ದದ್ದು, ನಿದ್ದೆ ಇಲ್ಲದ್ದು, ಎರಡು ಸಲ ಸುಳ್ಳು ಹೇಳಿದ್ದು. ಬೈಯುತ್ತಾರೆ ಅಂತಲೇ ಕಾಯುತ್ತಿದ್ದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಅಷ್ಟೇ. ಬರೆದುಕೊಡುತ್ತೇನೆ, ಇವತ್ತೇ ಕೆಲಸ ಶುರು ಮಾಡಿ ಅಂತ ಬೇಡಿಕೊಂಡೆ.

"ಬರೆದುಕೊಡಿ. ಆದರೆ ನೀವು ಹಸಿದಿದ್ರಿ ಅಂದ ಮಾತ್ರಕ್ಕೆ ಔಷಧಿ ಚೆನ್ನಾಗಿತ್ತು ಅಂತ ಆಗಲ್ಲ ರತ್ನಮ್ಮ. ಅದೇ ಬಾಕ್ಸಿಂದ ಇನ್ನೂ ಹನ್ನೊಂದು ಜನಕ್ಕೆ ಕೊಟ್ಟಿದ್ದೀನಿ. ರಿಪೋರ್ಟ್ ಬರೋವರೆಗೂ ನನಗೂ ಗೊತ್ತಿಲ್ಲ" ಅಂದರು.

ಆ ಹನ್ನೊಂದು ಜನರಿಗೇ ಅವರು ದಿನಾ ಫೋನ್ ಮಾಡುತ್ತಿದ್ದದ್ದು. ನಮ್ಮ ದೂರಿಗೆ ಹೆದರಿ ಕ್ಲಿನಿಕ್ ನಿಲ್ಲಿಸಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಅವರು ತಮ್ಮ ಕೈಯಿಂದ ಯಾರಿಗಾದರೂ ಕೆಟ್ಟದ್ದಾಗಿದೆಯೋ ಏನೋ ಅಂತ ಹೆದರಿ ನಿಲ್ಲಿಸಿದ್ದರು. ಲ್ಯಾಬಿನಲ್ಲಿ ಏನು ನೋಡುತ್ತಾರೆ ಅಂತ ಕೇಳಿದೆ. ಔಷಧಿಯಲ್ಲಿ ಕಸ ಕಡ್ಡಿ ಇದೆಯಾ, ರೋಗಾಣು ಬೆಳೆಯುತ್ತದಾ, ಬೇರೆ ಏನಾದರೂ ಬೆರೆತಿದೆಯಾ, ಚೀಟಿಯಲ್ಲಿ ಬರೆದಷ್ಟೇ ಮದ್ದು ಇದೆಯಾ ಅಂತ ನೋಡುತ್ತಾರೆ, ಅದಕ್ಕೆ ಕೆಲವು ವಾರ ಬೇಕು ಅಂದರು. ನನಗೆ ತಟ್ಟನೆ ಅರ್ಥವಾಯಿತು. ರೇಷ್ಮೆ ಮೊಟ್ಟೆಗೂ ಹಾಗೇ ಮಾಡುತ್ತಾರೆ. ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ, ತಾಯಿಯಿಂದ ಮೊಟ್ಟೆಗೆ ಅಂಟುವ ಗಂಟುರೋಗ ಕಂಡರೆ ಆ ಮೊಟ್ಟೆಯನ್ನೇ ಸುಡುತ್ತಾರೆ. ಮೊಟ್ಟೆ ನೋಡಲು ಚೆನ್ನಾಗೇ ಇರುತ್ತದೆ, ಆದರೂ ಯಾರೂ ಹಾಗೇ ನಂಬಿ ತರುವುದಿಲ್ಲ. ಇದನ್ನು ಹೇಳಿದಾಗ ಡಾಕ್ಟರಮ್ಮ ಸ್ವಲ್ಪ ನಕ್ಕರು. ಹೌದು, ಅದೇ ಅಂದರು.

ಅಲ್ಲೇ ಎಲ್ಲವನ್ನೂ ಬರೆದು ಸಹಿ ಹಾಕಿಕೊಟ್ಟು, ಮನೆಗೆ ಬಂದು ಕುಮಾರನಿಗೆ ಹೇಳಿದೆ. "ಎಲ್ಲಾರ ಮುಂದೆ ನನ್ ಮಾನ ಕಳೆದ್ಬುಟ್ಟೆ ಅತ್ಗೆ" ಅಂದವನು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ವಿಡಿಯೋ ಮಾತ್ರ ಅಳಿಸಿದ. ಅಷ್ಟರಲ್ಲಿ ಅದು ಕನಕಪುರ, ಮಾಗಡಿ ಕಡೆಗೂ ಹೋಗಿತ್ತು.

ರಿಪೋರ್ಟ್ ಬರುವವರೆಗಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಹಲ್ಲನ್ನೂ ಬೇರೆ ಕಡೆ ತೋರಿಸಲಿಲ್ಲ, ಮಾತ್ರೆ ನುಂಗಿ ತಡೆದುಕೊಂಡೆ. ಒಂದು ಬೆಳಿಗ್ಗೆ ಹೊಸ ಹುಳಕ್ಕೆ ಸೊಪ್ಪು ಹಾಕುತ್ತಿದ್ದಾಗ ಡಾಕ್ಟರಮ್ಮನ ಫೋನ್ ಬಂತು. ಔಷಧಿಯಲ್ಲಿ ಯಾವ ದೋಷವೂ ಇಲ್ಲ ಅಂತ ಬಂದಿದೆ ಅಂದರು. ಇನ್ನೊಂದು ಸಲ ಓದಿ ಮೇಡಂ ಅಂದೆ. ಮೊದಲಿನಿಂದ ನಿಧಾನವಾಗಿ ಓದಿದರು. ನಾನು ಸೊಪ್ಪಿನ ಪುಟ್ಟಿ ಪಕ್ಕದಲ್ಲಿ ಕೂತು ಅತ್ತೆ.

ಮಾರನೆಯ ದಿನ ಹೊಟ್ಟೆ ತುಂಬ ಮುದ್ದೆ ಉಂಡು, ಅವರ ಕೈಯಲ್ಲೇ ಹಲ್ಲು ಕೀಳಿಸಿಕೊಂಡೆ. ಏನೂ ಆಗಲಿಲ್ಲ. ಕುಮಾರನೇ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದ. ಬಾಗಿಲಲ್ಲೇ ನಿಂತು, ನೆಲ ನೋಡುತ್ತಾ, ತಪ್ಪಾಯಿತು ಮೇಡಂ ಅಂದ. ನಿಮ್ಮ ಅತ್ತಿಗೆ ಅಂದರೆ ನಿಮಗೆ ಎಷ್ಟು ಅಂತ ಅವತ್ತೇ ನೋಡಿದ್ದೀನಿ ಬಿಡಿ ಅಂದರು ಅವರು. ಕುಮಾರ ರಿಪೋರ್ಟಿನ ಫೋಟೋ ತೆಗೆದು ಅದೇ ಗ್ರೂಪಿಗೆ ಹಾಕಿದ. ಇಬ್ಬರೋ ಮೂವರೋ ನೋಡಿ ಸುಮ್ಮನಾದರು.

ಹೋದ ವರ್ಷ ಊರಿನ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಕೆನ್ನೆ ಒತ್ತಿ ಹಿಡಿದುಕೊಂಡು ಕೂತಿದ್ದಳು. ಗುರುತಿನವಳಲ್ಲ. ಚಿತ್ರಾ ಡಾಕ್ಟರ ಹತ್ತಿರ ಹೋಗು ಅಂದೆ.

"ಅಲ್ಲಿಗಾ? ಬ್ಯಾಡ ಕಣವ್ವ. ಹೊಂಗನೂರ್ನೋಳು ಒಬ್ಳು ಅಲ್ಲಿ ಇಂಜೆಕ್ಷನ್ ತಗಂಡು ಸತ್ತೇ ಹೋದ್ಲಂತೆ" ಅಂದಳು.

"ಆ ಹೆಂಗಸು ನಾನೇ ಕಣಕ್ಕ" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನಲ್ಲ ಬುಡು, ಅವ್ಳು ಬ್ಯಾರೆ ಇರ್ಬೇಕು" ಅಂದಳು.

ಹಸಿದಿದ್ದದ್ದು, ಸುಳ್ಳು ಹೇಳಿದ್ದು, ಲ್ಯಾಬಿಗೆ ಕಳಿಸಿದ್ದು ಎಲ್ಲವನ್ನೂ ಅವಳು ಇಳಿಯುವ ಊರು ಬರುವವರೆಗೂ ಬಿಡದೆ ಹೇಳಿದೆ. ಅವಳು ಇಳಿದ ಮೇಲೆ ನಾನು ಕಿಟಕಿಯಿಂದ ಬಗ್ಗಿ, ಡಾಕ್ಟರಮ್ಮನಿಗೆ ರತ್ನಮ್ಮ ಕಳಿಸಿದಳು ಅನ್ನು ಅಂದೆ. ತಿರುಗಿ ನೋಡಿದಳು. ನಂಬಿದಳೋ ಇಲ್ಲವೋ, ಕ್ಲಿನಿಕ್ಕಿಗೆ ಹೋದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನನ್ನ ಮಾತು ಮುಟ್ಟದ ಇನ್ನೆಷ್ಟು ಊರುಗಳಲ್ಲಿ ನಾನು ಸತ್ತವಳಾಗಿಯೇ ಇದ್ದೀನೋ. ಅದಕ್ಕೇ ಈಗ ಹಲ್ಲುನೋವು ಅಂತ ಯಾರೇ ಸಿಗಲಿ, ನನ್ನ ಹೆಸರು ಸಮೇತ ಎಲ್ಲ ಹೇಳುತ್ತೇನೆ. ಹೇಳುವಾಗ ಈಗಲೂ ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.